ಫಲಕ ಇಲ್ಲಿಯದು, ಅದರೊಳಗಿನ ಸೆಲ್ ಎಲ್ಲಿಯದು?

ಪ್ರಶ್ನೆ:
ಪಿಎಂ ಸೂರ್ಯಘರ್ ಯೋಜನೆಯಡಿ ತಾರಸಿಗೆ ಮೂರು ಕಿಲೋವ್ಯಾಟ್ ಸೌರ ಫಲಕ ಹಾಕಿಸಲು ದರಪಟ್ಟಿ ತರಿಸಿದ್ದೇನೆ. 78,000 ರೂಪಾಯಿ ಸಹಾಯಧನ ಬೇಕಿದ್ದರೆ ‘ಡಿಸಿಆರ್’ (ದೇಶಿ ಅಂಶದ ಷರತ್ತು ಪೂರೈಸುವ) ಫಲಕವೇ ಆಗಬೇಕು, ಅದಕ್ಕೆ ಬೆಲೆ ಹೆಚ್ಚು ಎನ್ನುತ್ತಾರೆ. ಅಗ್ಗದ ಫಲಕದ ಬೆನ್ನ ಮೇಲೂ ‘ಭಾರತದಲ್ಲಿ ತಯಾರಿಸಿದ್ದು’ ಎಂಬ ಚೀಟಿ ಇರುವಾಗ ಈ ಭೇದ ಏಕೆ?

ಉತ್ತರ 1:
ಫಲಕ ಜೋಡಿಸುವ ಘಟಕವೊಂದರಲ್ಲಿ ಎರಡು ವರ್ಷ ದುಡಿದವನಾಗಿ ಹೇಳುತ್ತೇನೆ. ಬೆಳಕನ್ನು ವಿದ್ಯುತ್ತಾಗಿಸುವ ಸೆಲ್‌ಗಳು ಹೊರದೇಶದಿಂದ ಪೆಟ್ಟಿಗೆಗಳಲ್ಲಿ ಬರುತ್ತಿದ್ದವು. ನಾವು ಅವನ್ನು ತಾಮ್ರದ ಪಟ್ಟಿಯಿಂದ ಬೆಸೆದು, ಗಾಜಿಗೂ ಹಿಂಬದಿಯ ಹಾಳೆಗೂ ನಡುವೆ ಸಾಲಾಗಿ ಇಟ್ಟು, ಲ್ಯಾಮಿನೇಟರ್‌ನಲ್ಲಿ ಕಾಯಿಸಿ, ಅಲ್ಯೂಮಿನಿಯಂ ಚೌಕಟ್ಟು ಕೂರಿಸುತ್ತಿದ್ದೆವು. ಚೀಟಿ ಸುಳ್ಳಲ್ಲ, ಆದರೆ ಅದು ಹೇಳುವುದು ಇಷ್ಟು ಕೆಲಸವನ್ನು ಮಾತ್ರ. ಪಾಲಿಸಿಲಿಕಾನ್ (ಶುದ್ಧ ಸಿಲಿಕಾನ್), ಇಂಗಾಟ್ (ಅದರ ಗಟ್ಟಿ), ವೇಫರ್ (ಗಟ್ಟಿಯಿಂದ ಕೊಯ್ದ ತೆಳು ಬಿಲ್ಲೆ), ಸೆಲ್ ಎಂಬ ಹಿಂದಿನ ಹಂತಗಳಲ್ಲಿಯೇ ಕಷ್ಟದ ವಿದ್ಯೆ ಇರುವುದು. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ 2022ರ ವರದಿಯಂತೆ ಪ್ರತಿ ಹಂತದಲ್ಲೂ ಚೀನಾದ ಪಾಲು ಶೇ. 80ಕ್ಕೂ ಹೆಚ್ಚು. ಡಿಸಿಆರ್ ಎಂದರೆ ಸೆಲ್ ಕೂಡ ಇಲ್ಲಿಯೇ ತಯಾರಾಗಿರಬೇಕು. ವೇಫರ್ ಆಮದಾದರೂ ನಡೆಯುತ್ತದೆ!

ಉತ್ತರ 2:
ಮೇಲಿನವರು ಹೇಳಿದ್ದು ಸರಿ. 2010ರ ರಾಷ್ಟ್ರೀಯ ಸೌರ ಮಿಷನ್‌ನಲ್ಲೇ ದೇಶಿ ಸೆಲ್‌ನ ಷರತ್ತಿತ್ತು. ಅಮೆರಿಕ ದೂರು ಕೊಟ್ಟಿತು, 2016ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಮೇಲ್ಮನವಿ ಮಂಡಳಿಯ ತೀರ್ಪು ನಮ್ಮ ವಿರುದ್ಧ ಬಂತು. ಅನಂತರ ಸರ್ಕಾರ ಬೇರೆ ದಾರಿಗಳನ್ನೂ ಹಿಡಿಯಿತು: ಎರಡು ಕಂತುಗಳಲ್ಲಿ ಒಟ್ಟು 24,000 ಕೋಟಿ ರೂಪಾಯಿಯ ಉತ್ಪಾದನಾ ಪ್ರೋತ್ಸಾಹಧನವನ್ನು ಘೋಷಿಸಿ, 2022ರ ಏಪ್ರಿಲ್‌ನಿಂದ ಆಮದು ಫಲಕಕ್ಕೆ ಶೇ. 40, ಸೆಲ್‌ಗೆ ಶೇ. 25 ಸೀಮಾ ಸುಂಕ ಹೇರಿತು. ನಮ್ಮ ಪಾವಗಡದ 2,050 ಮೆಗಾವ್ಯಾಟ್ ಸೌರ ಉದ್ಯಾನ ಎದ್ದು ನಿಂತದ್ದು ಈ ಸುಂಕಕ್ಕೂ ಮೊದಲು. ವಿದ್ಯುತ್ತು ಅಗ್ಗವಾಗಬೇಕೆಂಬ ಯೋಜನೆಯೂ ಕಾರ್ಖಾನೆ ಇಲ್ಲಿ ಬರಬೇಕೆಂಬ ಯೋಜನೆಯೂ ಸ್ವಲ್ಪ ಕಾಲವಾದರೂ ಒಂದನ್ನೊಂದು ಎಳೆದಾಡುತ್ತವೆ. ನಿಮ್ಮ ಎರಡು ದರಗಳಲ್ಲಿ ಕಾಣುವುದು ಆ ಎಳೆದಾಟವೇ.

ಉತ್ತರ 3:
ಸುಂಕಕ್ಕಿಂತ ನನಗೆ ಆಕ್ಷೇಪವಿರುವುದು ಚಂಚಲತೆಯ ಬಗ್ಗೆ. ಸರ್ಕಾರಿ ಯೋಜನೆಗಳಲ್ಲಿ ಬಳಸಬಹುದಾದ ಅನುಮೋದಿತ ಫಲಕಗಳ ಪಟ್ಟಿಯ ಆದೇಶ ಬಂದದ್ದು 2019ರಲ್ಲಿ. 2023-24ರಲ್ಲಿ ಅದನ್ನು ಒಂದು ವರ್ಷ ತಡೆಹಿಡಿದು, 2024ರ ಏಪ್ರಿಲ್‌ನಿಂದ ಮತ್ತೆ ಜಾರಿಗೆ ತಂದರು. ಜೋಡಣೆಯ ಶೆಡ್ಡು ಹಾಕಿದವನು ಇದನ್ನು ಹೇಗೋ ತಾಳಿಕೊಂಡಾನು, ಸೆಲ್ ಕಾರ್ಖಾನೆಗೆ ಸಾಲ ತೆಗೆದವನ ಪಾಡೇನು? ಸೆಲ್‌ಗಳ ಪಟ್ಟಿಗೆ 2026ರ ಜೂನ್ ಗಡುವನ್ನು ಮೊದಲೇ ಗೊತ್ತುಪಡಿಸಿದ್ದು ಆ ದೃಷ್ಟಿಯಿಂದ ಒಳ್ಳೆಯದು. ಪ್ರಶ್ನೆ ಕೇಳಿದವರಿಗೆ ಒಂದು ಮಾತು: ಹಣ ಕಟ್ಟುವ ಮೊದಲು ಡಿಸಿಆರ್ ಪ್ರಮಾಣಪತ್ರದಲ್ಲಿರುವ ಕ್ರಮಸಂಖ್ಯೆ ಫಲಕದ ಮೇಲಿನದರೊಡನೆ ತಾಳೆಯಾಗುತ್ತದೆಯೇ ನೋಡಿಕೊಳ್ಳಿ.