ಬಾಗಿಲಿಗೆ ತೋಪಡ, ಗೋಡೆಗೆ ಪುಟ್ಟಿ

ಕಾಫಿ ಒಳಗಿತ್ತು, ನಾವು ಹೊರಗಿದ್ದೆವು, ನಡುವೆ ಅಡುಗೆಮನೆ ಬಾಗಿಲು ಕಚ್ಚಿಕೊಂಡಿತ್ತು.

ಭಾನುವಾರ ಬೆಳಿಗ್ಗೆ ಮೈಸೂರಿನ ಕೃಷ್ಣಮೂರ್ತಿಪುರಂನ ನಮ್ಮ ಜಗುಲಿಯಲ್ಲಿ ನಾಲ್ಕು ಜನ ಸೇರುವುದು ಹಾಲಿನವನಿಗೂ ಗೊತ್ತು. ಗುಂಡಣ್ಣ, ಶೀನ, ಪುಟ್ಟಸ್ವಾಮಿ, ನಾನು. ಗುಂಡಣ್ಣ ಮೂವತ್ತು ವರ್ಷ ಸರ್ಕಾರಿ ಕಟ್ಟಡಗಳ ಕೆಲಸ ನೋಡಿಕೊಂಡು ನಿವೃತ್ತನಾದವನು. ತೂಕ 95 ಕೆಜಿ. ಈ ಅಂಕಿ ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ. ಶೀನ ಬ್ಯಾಂಕಿನಲ್ಲಿದ್ದವನು, ಏನು ಕಷ್ಟ ಹೇಳಿದರೂ "ಲೋನ್ ಮಾಡಿಸ್ತೀನಿ ಬಿಡು" ಅನ್ನುತ್ತಾನೆ, ಮಾಡಿಸಿದ್ದನ್ನು ಯಾರೂ ಕಂಡಿಲ್ಲ. ಪುಟ್ಟಸ್ವಾಮಿಗೆ ಹಾರ್ಡ್‌ವೇರ್ ಅಂಗಡಿ. ಆದ್ದರಿಂದ ಭೂಮಿಯ ಮೇಲಿನ ಸಕಲ ರೋಗಕ್ಕೂ ವಾಲ್ ಪುಟ್ಟಿಯೇ ಮದ್ದು.

"ಅತ್ತಿಗೆ, ನೀವು ಎಳೀರಿ, ನಾವು ತಳ್ತೀವಿ" ಅಂದ ಶೀನ.

"ಒಂದು ಕೈಲಿ ಡಬರಿ ಇದೆ ಕಣಪ್ಪ" ಅಂದಳು ಒಳಗಿನಿಂದ ಸರೋಜ.

ಗುಂಡಣ್ಣ ಭುಜ ಕೊಟ್ಟ. ಬಾಗಿಲು ಕಿರ್ರೆಂದು ಬಿಚ್ಚಿಕೊಂಡಿತು, ಮೇಲಿಂದ ಒಂದು ಹಿಡಿ ಮಣ್ಣು ಅವನ ಬೋಳುತಲೆಯ ಮೇಲೆ ಬಿತ್ತು.

"ಮಳೆಗಾಲ ನೋಡು, ಮರ ಉಬ್ಬುತ್ತೆ" ಅಂತ ನಾನು ಸಮಜಾಯಿಷಿ ಕೊಟ್ಟೆ. "ಈ ವರ್ಷ ಮೂರು ಸಲ ಬಡಗಿ ಬಂದು ಮೇಲ್ಗಡೆ ತೋಪಡ ಹೊಡೆದು ಮರ ಹೆರೆದು ಹೋಗಿದಾನೆ."

"ಬೇಸಿಗೇಲಿ ಕಚ್ಚುತ್ತಿರಲಿಲ್ಲವೋ?"

"ಬೇಸಿಗೇಲೂ ಕಚ್ಚುತ್ತಿತ್ತು."

"ಆಗೇನು ಉಬ್ಬಿತ್ತು, ನಿನ್ನ ತಲೆಯೋ?" ಅಂದ ಗುಂಡಣ್ಣ. ತಲೆ ಒರೆಸಿಕೊಳ್ಳುತ್ತಾ ಮೇಲೆ ನೋಡಿದವನು ಹಾಗೇ ನಿಂತುಬಿಟ್ಟ. ಬಾಗಿಲಿನ ಎರಡೂ ಮೂಲೆಯಿಂದ ಒಂದೊಂದು ಬಿರುಕು ಮೆಟ್ಟಿಲು ಮೆಟ್ಟಿಲಾಗಿ ಹತ್ತಿ, ಮೇಲೆಲ್ಲೋ ಸೇರೋಣ ಅಂತ ಮಾತಾಡಿಕೊಂಡ ಹಾಗೆ ಒಂದರ ಕಡೆಗೊಂದು ವಾಲಿಕೊಂಡು ಹೊರಟಿದ್ದವು. ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಸಣ್ಣ ಗೀಟು. ಒಂದೊಂದು ಗೀಟಿಗೂ ಹೆಸರು: ಸಂಕ್ರಾಂತಿ, ಯುಗಾದಿ, ಗೌರಿಹಬ್ಬ.

"ಇದು ಯಾರು ಬರೆದದ್ದು?"

"ನಾನೇ" ಅಂದಳು ಸರೋಜ. "ಬಿರುಕು ಎಲ್ಲೀವರೆಗೆ ಬಂತೋ ಅಲ್ಲಿಗೊಂದು ಗುರುತು. ಹಾಲಿನ ಲೆಕ್ಕದ ಜೊತೆಗೆ ಇದೂ ಒಂದು. ಯುಗಾದಿಯಿಂದ ಗೌರಿಗೆ ನಾಲ್ಕು ಬೆರಳು ಏರಿದೆ. ಇವರಿಗೆ ಹೇಳಿದರೆ ಬಡಗೀನ ಕರೀತಾರೆ, ಪುಟ್ಟಸ್ವಾಮಿಗೆ ಹೇಳಿದರೆ ಪುಟ್ಟಿ ತರ್ತಾರೆ."

"ಮೂವತ್ತು ವರ್ಷದಲ್ಲಿ ನನ್ನ ಕೈಕೆಳಗೆ ಇಷ್ಟು ಚೆನ್ನಾಗಿ ಬಿರುಕಿನ ಲೆಕ್ಕ ಇಟ್ಟವರು ಒಬ್ಬರೂ ಇರಲಿಲ್ಲ ಅತ್ತಿಗೆ" ಅಂದ ಗುಂಡಣ್ಣ. ನನ್ನ ಕಡೆ ತಿರುಗಿ, "ಬಾಗಿಲು ಮೇಲಕ್ಕೆ ಬೆಳೆದಿಲ್ಲ ಕಣೋ, ಗೋಡೆ ಕೆಳಕ್ಕೆ ಇಳಿದಿದೆ. ಬಾಗಿಲಿನ ಮೇಲೆ ಗೋಡೆ ಹೊರೋ ಅಡ್ಡತೊಲೆ ಇರುತ್ತಲ್ಲ, ಲಿಂಟಲ್, ಅದು ಹೋಗಿದೆ."

ಸ್ಕ್ರೂಡ್ರೈವರ್ ಕೇಳಿ ಇಸಕೊಂಡು ಚೌಕಟ್ಟಿನ ಮೇಲಿನ ಗಾರೆ ಒಂದಿಷ್ಟು ಕೆರೆದ. 1958ರಲ್ಲಿ ಅಪ್ಪ ಇಡಿಸಿದ ಮತ್ತಿ ಮರದ ದಿಮ್ಮಿ ಕಾಣಿಸಿತು. "ಮತ್ತಿ ಅಂದರೆ ಕಬ್ಬಿಣ" ಅಂತ ಅಪ್ಪ ಸಾಯುವವರೆಗೂ ಹೇಳುತ್ತಿದ್ದರು. ಗುಂಡಣ್ಣ ಸ್ಕ್ರೂಡ್ರೈವರ್ ಚುಚ್ಚಿದ. ಉಪ್ಪಿಟ್ಟಿಗೆ ಚಮಚ ಹೋದ ಹಾಗೆ ಹಿಡಿಯವರೆಗೂ ಹೋಯಿತು. ಗೆದ್ದಲು ಒಳಗಿನದೆಲ್ಲ ತಿಂದು, ಮೇಲಿನ ಸಿಪ್ಪೆಯನ್ನು ಮರ್ಯಾದೆಗೆ ಅಂತ ಬಿಟ್ಟಿತ್ತು. ಗೋಡೆಯ ಆಚೆ ಬದಿ ಬಚ್ಚಲು. ತೇವ, ಮರ, ಕತ್ತಲೆ. ಗೆದ್ದಲಿಗೆ ಇದಕ್ಕಿಂತ ಒಳ್ಳೆಯ ಛತ್ರ ಇನ್ನೆಲ್ಲಿ?

"ಬೀಳುತ್ತೇನಪ್ಪಾ?" ನನ್ನ ಗಂಟಲು ಒಣಗಿತು. 2016ರಲ್ಲಿ ದೇವರಾಜ ಮಾರುಕಟ್ಟೆಯ ಉತ್ತರ ಬಾಗಿಲ ಕಡೆ ಕುಸಿದು ಬಿದ್ದದ್ದನ್ನು ನೋಡಿಬಂದ ಮೇಲೆ ಮೈಸೂರಿನವರಿಗೆ ಹಳೇ ಗೋಡೆ ಅಂದರೆ ಒಂದು ಅಳುಕು.

"ಇಡೀ ಗೋಡೆ ಬೀಳಲ್ಲ. ಇಟ್ಟಿಗೆ ಬುದ್ಧಿವಂತ ಜಾತಿ. ಈ ಎರಡು ಬಿರುಕಿನ ನಡುವೆ ಗೋಪುರದ ಥರ ತ್ರಿಕೋನ ಇದೆ ನೋಡು, ಅಷ್ಟು ಮಾತ್ರ ಬಾಗಿಲಿನ ತಲೆ ಮೇಲೆ ಕೂತಿರೋದು. ಅದರ ಆಚೆಯವು ಒಂದಕ್ಕೊಂದು ಒರಗಿಕೊಂಡು ಅಕ್ಕಪಕ್ಕದ ಗೋಡೆಗೆ ಭಾರ ದಾಟಿಸ್ತವೆ."

"ನಮ್ಮ ಬ್ಯಾಂಕಲ್ಲಿ ಫೈಲ್ ದಾಟಿಸೋ ಹಾಗೆ" ಅಂದ ಶೀನ.

"ಹಾಗಾದರೆ ಲಿಂಟಲ್ ಹೋಗಿ ಇಷ್ಟು ದಿನ ಆ ತ್ರಿಕೋನಾನ ಹೊತ್ತಿದ್ದವರು ಯಾರು?" ಅಂತ ಕೇಳಿದೆ.

"ಬಾಗಿಲಿನ ಚೌಕಟ್ಟು. ಹೊರೋದು ಅದರ ಕೆಲಸ ಅಲ್ಲ. ಆದರೆ ಮೇಲಿನವನು ಕೈಬಿಟ್ಟ, ಕೆಳಗಿದ್ದ ಪಾಪದವನು ತಲೆಕೊಟ್ಟ. ಎಲ್ಲ ಆಫೀಸಿನಲ್ಲೂ ಇಂಥವನೊಬ್ಬ ಇರ್ತಾನೆ. ಹೊಸ ಕಿಟಕಿ ಹಾಕಿಸ್ತೀವಿ ಅಂತ ಹಳೇ ಮರದ ಚೌಕಟ್ಟು ಕಿತ್ತಾಗ ಗೋಡೆ ಬಿರುಕು ಬಿಡೋದು ಇದಕ್ಕೇ. ಪ್ಲಾಸ್ಟಿಕ್ ಚೌಕಟ್ಟಿಗೆ ಆ ಭಾರ ಹೊರೋ ಶಕ್ತಿ ಎಲ್ಲಿ ಬರಬೇಕು?"

ಶೀನ ಲೋಟ ಕೆಳಗಿಟ್ಟ. ಹೋದ ವರ್ಷ ಮಗಳ ಹಟಕ್ಕೆ ಮನೆಯ ಆರೂ ಕಿಟಕಿ ಬದಲಾಯಿಸಿ, ಅದರ ಫೋಟೋವನ್ನು ನಮಗೆಲ್ಲ ಕಳಿಸಿದ್ದ. "ಒಂದು ನಿಮಿಷ ಬಂದೆ" ಅಂತ ಸ್ಕೂಟರ್ ಹತ್ತಿದವನು ಹತ್ತು ನಿಮಿಷಕ್ಕೆ ವಾಪಸು ಬಂದ. "ಎರಡು ಕಿಟಕಿ ಮೇಲೆ ಬಿರುಕು ಇದೆ" ಅಂದ. ಅವನ ಮುಖದಲ್ಲಿ ಆವತ್ತು ಕಂಡ ವಿನಯ ನಲವತ್ತು ವರ್ಷದ ಸ್ನೇಹದಲ್ಲಿ ನಾನು ಕಂಡಿರಲಿಲ್ಲ.

"ಲೋನ್ ಮಾಡಿಸು" ಅಂದ ಪುಟ್ಟಸ್ವಾಮಿ.

ಗುಂಡಣ್ಣನಿಗೆ ಉತ್ಸಾಹ ಏರಿತ್ತು. ಕೊಡೆಯ ಹಿಡಿಯಿಂದ ಮನೆಯ ಲಿಂಟಲ್‌ಗಳನ್ನೆಲ್ಲ ತಟ್ಟುತ್ತಾ ಹೊರಟ. ಗಟ್ಟಿಯಿದ್ದ ಕಡೆ ಟಕ್ ಟಕ್. ಹಿಂದಿನ ಕೋಣೆಯ ಕಿಟಕಿ ಮೇಲೆ ಮಾತ್ರ ಡಬ್ ಡಬ್. ಅದು ಹಳೆಯ ಮನೆಯದಲ್ಲ, 1985ರಲ್ಲಿ ನಾನೇ ಮುಂದೆ ನಿಂತು ಕಟ್ಟಿಸಿದ್ದು, ಶುದ್ಧ ಆರ್‌ಸಿಸಿ, ಅಂದರೆ ಒಳಗೆ ಕಬ್ಬಿಣದ ಕಂಬಿ ಹಾಕಿದ ಕಾಂಕ್ರೀಟು. ಕೆಳಬದಿಯಲ್ಲಿ ಕಾಂಕ್ರೀಟು ಹಪ್ಪಳದ ಹಾಗೆ ಎದ್ದು, ಸಂದಿನಲ್ಲಿ ಕೆಂಪಗೆ ತುಕ್ಕು ಇಣುಕುತ್ತಿತ್ತು.

"ಕಂಬಿ ತುಕ್ಕು ಹಿಡಿದರೆ ಸವೆದು ಸಣ್ಣಗಾಗಬೇಕು, ಇದು ಯಾಕೆ ಉಬ್ಬಿದೆ?" ಅಂದೆ.

"ಕಬ್ಬಿಣ ಸಣ್ಣಗಾಗುತ್ತೆ, ತುಕ್ಕು ದಪ್ಪಗಾಗುತ್ತೆ. ತಿಂದ ಕಬ್ಬಿಣದ ಎರಡು ಮೂರು ಪಟ್ಟು ಜಾಗ ಕೇಳುತ್ತೆ. ಒಳಗೆ ಜಾಗ ಇಲ್ಲ, ಮುಚ್ಚಿಕೊಂಡಿರೋ ಕಾಂಕ್ರೀಟನ್ನೇ ಒದ್ದು ಕೆಡವುತ್ತೆ. ಅಲ್ಲಯ್ಯ, ಕಂಬಿಗೂ ಹೊರಗಿನ ಗಾಳಿಗೂ ನಡುವೆ ಒಂದಿಂಚಾದರೂ ಕಾಂಕ್ರೀಟ್ ಇರಬೇಕಲ್ಲ, ಎಲ್ಲಿ? ನಿನ್ನ ಮೇಸ್ತ್ರಿ ಕಂಬೀನ ಕಾಂಕ್ರೀಟ್ ಸುರಿಯೋ ಸೆಂಟ್ರಿಂಗ್ ಹಲಗೆ ಮೇಲೇ ಮಲಗಿಸಿದಾನೆ. ಕಂಬಿ ಎತ್ತಿಹಿಡಿಯೋಕೆ ಕೆಳಗೆ ನಾಲ್ಕು ಸಣ್ಣ ಬಿಲ್ಲೆ, ಕವರ್ ಬ್ಲಾಕ್, ಇಟ್ಟಿದ್ದರೆ ಅವನ ಗಂಟೇನು ಹೋಗ್ತಿತ್ತು?"

"ಕಂಬಿ ಕೆಳಗೇ ಇರಬೇಕು ಅಂತ ನೀನೇ ಯಾವಾಗಲೋ ಹೇಳಿದ್ದೆ."

"ಕೆಳಗೇ ಇರಬೇಕು. ಆದರೆ ಪಂಚೆ ಉಟ್ಟುಕೊಂಡು ಇರಬೇಕು. ಅತ್ತಿಗೆ, ಮೈಸೂರು ಪಾಕ್ ಇದೆಯಾ?"

ಇತ್ತು. ಬಾಯಲ್ಲಿಟ್ಟರೆ ಕರಗುವ ತುಪ್ಪದ ಜಾತಿಯದಲ್ಲ, ಗೂಡುಗೂಡಾಗಿ ಗಟ್ಟಿಯಾಗಿರುವುದು. ಯಾವುದು ನಿಜವಾದ ಮೈಸೂರು ಪಾಕ್ ಎಂಬ ಜಗಳ ನಮ್ಮ ಜಗುಲಿಯಲ್ಲಿ ಇಪ್ಪತ್ತು ವರ್ಷದಿಂದ ಬಾಕಿಯಿದೆ. ಲಿಂಟಲ್ ವಿಷಯಕ್ಕೆ ಗಟ್ಟಿಯದೇ ಸರಿ ಅಂತ ಆವತ್ತು ತೀರ್ಮಾನವಾಯಿತು. ಗುಂಡಣ್ಣ ಎರಡು ಲೋಟ ಬೋರಲು ಹಾಕಿ, ಉದ್ದದ್ದೊಂದು ತುಂಡನ್ನು ಸೇತುವೆಯಂತೆ ಇಟ್ಟು, ನಡುವೆ ಹೆಬ್ಬೆರಳಿನಿಂದ ಒತ್ತಿದ. ಕೆಳಗಿನಿಂದ ಬಿರುಕು ಬಾಯಿ ಬಿಟ್ಟು ಎರಡು ತುಂಡಾಯಿತು.

"ನೋಡಿದೆಯಾ? ಮೇಲಿನ ಮೈ ಒತ್ತಿಕೊಳ್ಳುತ್ತೆ, ಕೆಳಗಿನ ಮೈ ಎಳೆದುಕೊಳ್ಳುತ್ತೆ. ಕಾಂಕ್ರೀಟಾಗಲಿ ಕಲ್ಲಾಗಲಿ, ಒತ್ತಿದರೆ ಎಷ್ಟಾದರೂ ತಡೆಯುತ್ತೆ, ಎಳೆದರೆ ಬಿಟ್ಟುಕೊಡುತ್ತೆ. ಸೋಮನಾಥಪುರದ ದೇವಸ್ಥಾನದಲ್ಲಿ ಕಂಬ ಯಾಕಷ್ಟು ಒತ್ತೊತ್ತಾಗಿ ನಿಲ್ಲಿಸಿದಾರೆ ಹೇಳು? 1258ರಲ್ಲೇ ಅವರಿಗೆ ಗೊತ್ತಿತ್ತು, ಕಲ್ಲಿನ ತೊಲೆ ಉದ್ದ ಹಾಕಿದರೆ ತಟಕ್ಕನೆ ಮುರಿಯುತ್ತೆ ಅಂತ."

"ನಾನು ನಿನ್ನನ್ನು ದೂರ ಇಡೋಕೆ ಅಂತ ಅಂದುಕೊಂಡಿದ್ದೆ" ಅಂದ ಶೀನ. ಅಲ್ಲಿಗೆ ಪಿಕ್ನಿಕ್ ಹೋದಾಗ ಗುಂಡಣ್ಣ ಎರಡು ಕಂಬದ ನಡುವೆ ಫೋಟೋಗೆ ನಿಂತು ಈಚೆ ಬರಲು ಪಟ್ಟ ಪಾಡು ನಮಗೆಲ್ಲ ನೆನಪಿದೆ.

ಎರಡನೇ ತುಂಡಿನ ಕೆಳಭಾಗಕ್ಕೆ ಹಲ್ಲುಕಡ್ಡಿ ತೂರಿಸಿ ಒತ್ತಿದ. ಕಡ್ಡಿ ತಡೆಯಿತು. ಮೂರನೆಯದನ್ನು ಜಗುಲಿಯ ಅಂಚಿನಿಂದ ಅರ್ಧ ಹೊರಗೆ ಚಾಚಿ, ಒಳತುದಿಗೆ ಲೋಟ ಹೇರಿ, "ಇದು ಕಿಟಕಿ ಮೇಲೆ ಹೊರಕ್ಕೆ ಚಾಚಿರೋ ಸಜ್ಜಾ" ಅಂತ ಹೊರತುದಿ ಅದುಮಿದ. ಈ ಸಲ ಬಿರುಕು ಮೇಲಿನಿಂದ ಬಂತು. "ಅದಕ್ಕೇ ಸಜ್ಜಾಕ್ಕೆ ಕಂಬಿ ಮೇಲಿರಬೇಕು. ಹಾಕುವಾಗ ಮೇಲೇ ಇಟ್ಟಿರ್ತಾರೆ. ಕಾಂಕ್ರೀಟ್ ಸುರಿಯುವಾಗ ಆಳುಗಳು ಕಂಬಿ ತುಳಿದುಕೊಂಡೇ ಓಡಾಡ್ತಾರೆ, ಅದು ಕೆಳಗೆ ಕೂತುಬಿಡುತ್ತೆ. ನಿನ್ನ ಸಜ್ಜಾದಲ್ಲೂ ಹಾಗೇ ಆಗಿರುತ್ತೆ, ಒಡೆದಾಗ ನೋಡು."

ನಾಲ್ಕನೆಯ ಪ್ರಯೋಗಕ್ಕೆ ಕೈಚಾಚಿದರೆ ತಟ್ಟೆ ಖಾಲಿ. ಮುರಿದದ್ದನ್ನೂ ಮುರಿಯದಿದ್ದದ್ದನ್ನೂ ಪುಟ್ಟಸ್ವಾಮಿ ಅಗಿಯುತ್ತಿದ್ದ. "ಸ್ಯಾಂಪಲ್ ಲ್ಯಾಬಿಗೆ ಹೋಯ್ತು" ಅಂದ.

ಕಿಟಕಿಯ ಕತೆ ಬೇಗ ಮುಗಿಯಿತು. ಒಡೆದಾಗ ಗುಂಡಣ್ಣ ಹೇಳಿದ್ದೇ ನಿಜವಾಯಿತು: ಸಜ್ಜಾದ ಕಂಬಿ ತಳದಲ್ಲಿ, ಲಿಂಟಲಿನದು ಕೈಯಲ್ಲಿ ಉಜ್ಜಿದರೆ ಪುಡಿ, ಗೋಡೆಯೊಳಗೆ ಕೂತ ತುದಿ ಬರೀ ಮೂರು ಇಂಚು. ಸೆಂಟ್ರಿಂಗ್ ಕಟ್ಟಿ ಎರಡನ್ನೂ ಹೊಸದಾಗಿ ಹಾಕಿಸಿದೆವು, ಸಜ್ಜಾದ ಅಂಚಿನ ಕೆಳಗೆ ನೀರು ಒಳಕ್ಕೆ ಹರಿಯದೆ ಅಲ್ಲೇ ತೊಟ್ಟಿಕ್ಕುವ ಹಾಗೆ ಒಂದು ಗೀರು ಎಳೆಸಿದೆವು. ಆದರೆ ಅಡುಗೆಮನೆ ಬಾಗಿಲು ಹಾಗಲ್ಲ. ಗೋಡೆ ಹದಿನಾಲ್ಕು ಇಂಚು ದಪ್ಪ, ಮೇಲೆ ಮದ್ರಾಸ್ ತಾರಸಿ, ಅಂದರೆ ಮರದ ತೊಲೆಗಳ ಮೇಲೆ ಇಟ್ಟಿಗೆ, ಸುಣ್ಣದ ಗಾರೆ ಹಾಕಿದ ಚಾವಣಿ.

ನಂಜನಗೂಡು ಕಡೆಯ ಮೇಸ್ತ್ರಿಯೊಬ್ಬ ಬಂದ. ರಸಮಟ್ಟ ಇಟ್ಟು ನೋಡಿ, "ಬುದ್ಧಿ, ಎಲ್ಲ ಒಟ್ಟಿಗೆ ಕೀಳಂಗಿಲ್ಲ, ಅರ್ಧ ಅರ್ಧ ಮಾಡಾಣ" ಅಂದ. ಇಡೀ ದಿಮ್ಮಿ ಒಮ್ಮೆಗೇ ತೆಗೆಯುವುದಿಲ್ಲ. ಗೋಡೆಯ ಒಳಮೈಯಲ್ಲಿ ಅರ್ಧ ದಪ್ಪ ಕಿತ್ತು ಒಂದು ಲಿಂಟಲ್ ಕೂರಿಸಿ, ಅದು ಭಾರ ಹಿಡಿದ ಮೇಲೆ ಹೊರಮೈಯ ಅರ್ಧ. ಎರಡನ್ನೂ ಅಂಗಳದಲ್ಲೇ ಎರಕ ಹೊಯ್ಯುವುದು. ಐದು ಅಡಿ ಉದ್ದ, ಆರೂವರೆ ಇಂಚು ಅಗಲ, ಆರು ಇಂಚು ಎತ್ತರ. ಮೂರೂವರೆ ಅಡಿ ಬಾಗಿಲಾದ್ದರಿಂದ ಎರಡೂ ಕಡೆ ಒಂಬತ್ತೊಂಬತ್ತು ಇಂಚು ಗೋಡೆಯ ಮೇಲೆ ಕೂರುತ್ತದೆ. ಕೆಳಗೆ ಹನ್ನೆರಡು ಎಂಎಂ ಕಂಬಿ ಎರಡು, ಮೇಲೆ ಎಂಟರದು ಎರಡು, ನಾಲ್ಕನ್ನೂ ಸುತ್ತಿ ಹಿಡಿಯಲು ಆರಿಂಚಿಗೊಂದು ಕಂಬಿಯ ರಿಂಗು.

"ಒಂದೊಂದು ಎಷ್ಟು ತೂಕ ಬರುತ್ತೆ?" ಅಂತ ಕೇಳಿದೆ. ಗುಂಡಣ್ಣ ಬೆರಳಲ್ಲೇ ಲೆಕ್ಕ ಹಾಕಿ, "ಹತ್ತಿರ ಹತ್ತಿರ 95 ಕೆಜಿ" ಅಂದ. ಅಂದಿನಿಂದ ಅಂಗಳದಲ್ಲಿ ಮಲಗಿದ್ದವಕ್ಕೆ ಹಿರೇ ಗುಂಡಣ್ಣ, ಕಿರೇ ಗುಂಡಣ್ಣ ಎಂದೇ ಹೆಸರು.

ಗುಂಡಣ್ಣದ್ವಯರಿಗೆ ಒದ್ದೆ ಗೋಣಿಚೀಲ ಹೊದಿಸಿ ಹದಿನಾಲ್ಕು ದಿನ ಹೊತ್ತು ಹೊತ್ತಿಗೆ ನೀರು. "ನನ್ನ ಬಾಣಂತನದಲ್ಲೂ ಈ ಉಪಚಾರ ಇರಲಿಲ್ಲ" ಅಂದಳು ಸರೋಜ. ನಾನು ಕೊಡಪಾನ ಹಿಡಿದು ಹೊರಗೆ ಹೋದೆ.

ಕೂರಿಸುವ ದಿನ ಬಂತು. ಮೊದಲು ತಾರಸಿಯ ತೊಲೆಗಳಿಗೆ ಎರಡೂ ಬದಿ ಜಾಕಿ. ಆಮೇಲೆ ದಿಮ್ಮಿಯ ಮೇಲುಗಡೆ ಗೋಡೆಗೆ ಆರ್‌ಪಾರ್ ತೂತು ಕೊರೆದು, ಅಡ್ಡಲಾಗಿ ಕಬ್ಬಿಣದ ತೊಲೆ ತೂರಿಸಿ, ಅದರ ಎರಡು ತುದಿಗೂ ಜಾಕಿ. ಇದಕ್ಕೆ ಇಂಜಿನಿಯರುಗಳು ನೀಡಲ್ ಅನ್ನುತ್ತಾರಂತೆ. "ಗೋಡೆಗೂ ಇಂಜೆಕ್ಷನ್ನೇ" ಅಂದ ಶೀನ. ಕೊಳೆತ ದಿಮ್ಮಿಯನ್ನು ಚಾಣದಲ್ಲಿ ಸ್ವಲ್ಪ ಸ್ವಲ್ಪವೇ ಬಿಡಿಸಿದರು, ಸುತ್ತಿಗೆಯಿಂದ ಚಚ್ಚಲು ಗುಂಡಣ್ಣ ಬಿಡಲಿಲ್ಲ.

ನಾಲ್ಕು ಆಳು ಹಿರೇ ಗುಂಡಣ್ಣನನ್ನು ಎತ್ತಿದರು. ಎತ್ತಿದವರು ಹಾಗೇ ನಿಂತರು. ಮೇಲೆ ಯಾವುದು, ಕೆಳಗೆ ಯಾವುದು? ದಪ್ಪ ಕಂಬಿಯ ಕಡೆ ಕೆಳಗೆ ಬರಬೇಕು, ತಿರುವುಮುರುವಾದರೆ ಇಷ್ಟೆಲ್ಲ ಮಾಡಿದ್ದೂ ದಂಡ. ಮೇಸ್ತ್ರಿ ಮೇಲ್ಮೈಗೆ ಇದ್ದಿಲಲ್ಲಿ "ಮೇಲೆ" ಅಂತ ಬರೆದಿದ್ದನಂತೆ. ಹದಿನಾಲ್ಕು ದಿನದ ನೀರಿಗೆ ಅದು ತೊಳೆದುಹೋಗಿತ್ತು. ನಡುವೆ ಗೋಣಿ ಬದಲಿಸುವಾಗ ಯಾರೋ ಮಗ್ಗುಲು ಬೇರೆ ಹೊರಳಿಸಿದ್ದರು.

"ನುಣ್ಣಗಿರೋದು ಮೇಲೆ" ಅಂದ ಶೀನ.

"ನುಣ್ಣಗಿರೋದು ಹಲಗೆ ಕಡೆಯದು, ಅದು ಕೆಳಗೆ" ಅಂದ ಪುಟ್ಟಸ್ವಾಮಿ.

"ನಾನೇ ಕರಣೆಲಿ ಮೇಲ್ಗಡೆ ನುಣ್ಣಗೆ ಎಳೆದೆ, ಎಲ್ಲ ಕಡೆ ನುಣ್ಣಗೇ ಐತೆ" ಅಂತ ಮೇಸ್ತ್ರಿ ತಲೆ ಕೆರೆದುಕೊಂಡ.

"ಸ್ವಾಮಿ, ಕೈ ಹೋಗ್ತಾ ಐತೆ" ಅಂದರು ಆಳುಗಳು.

ಸರೋಜ ಬಗ್ಗಿ ನೋಡಿದಳು. "ಇದು ಮೇಲೆ" ಅಂದಳು. ಆ ಮೈಯ ಮೇಲೆ, ಈ ತುದಿಯಿಂದ ಆ ತುದಿಗೆ, ಸಾಲಾಗಿ ಬೆಕ್ಕಿನ ಹೆಜ್ಜೆ. ಎರಕ ಹೊಯ್ದ ರಾತ್ರಿ ನಮ್ಮ ಬೀದಿಯ ಬೂದಿ ಬೆಕ್ಕು ಹಸಿ ಕಾಂಕ್ರೀಟಿನ ಮೇಲೆ ಗಸ್ತು ತಿರುಗಿತ್ತು. "ಬೆಕ್ಕು ಕೆಳಬದಿಯಲ್ಲಿ ನಡೆಯೋಕಾಗುತ್ತಾ?"

ಆಗುವುದಿಲ್ಲ ಅಂತ ಗುಂಡಣ್ಣ ಒಪ್ಪಿಕೊಂಡ.

ಲಿಂಟಲ್ ಕೂತಿತು. ಅದರ ನೆತ್ತಿಗೂ ಹಳೇ ಗೋಡೆಗೂ ನಡುವೆ ಒಂದಿಂಚು ಸಂದು. ಅಲ್ಲಿ ಮೇಸ್ತ್ರಿ ನೀರುನೀರು ಗಾರೆ ತುರುಕಲು ಹೋದ. ಗುಂಡಣ್ಣ ಕೂಗಿಕೊಂಡ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲುವಷ್ಟೇ ತೇವ ಇರುವ ಗಾರೆ, ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳು, ಚಪ್ಪಟೆ ಕಲ್ಲಿನ ಚೂರು ಸೇರಿಸಿ, ಮರದ ತುಂಡಿನಿಂದ ಬಡಿದು ಬಡಿದು ತುಂಬಿಸಿದ. "ನೀರು ಗಾರೆ ಒಣಗಿ ಕುಗ್ಗುತ್ತೆ. ಕೂದಲೆಳೆ ಸಂದು ಬಿಟ್ಟರೂ ಗೋಡೆ ಅಷ್ಟು ಇಳಿದೇ ಕೂರೋದು, ಆಗ ಮತ್ತೆ ಅತ್ತಿಗೆ ಪೆನ್ಸಿಲ್ ಹುಡುಕಬೇಕು." ವಾರ ಬಿಟ್ಟು ಕಿರೇ ಗುಂಡಣ್ಣ, ಇನ್ನೊಂದು ವಾರ ಬಿಟ್ಟು ಜಾಕಿ ಒಂದೊಂದೇ ತಿರುವು ಸಡಿಲ. ನಾವು ನಾಲ್ವರೂ ಉಸಿರು ಹಿಡಿದು ನಿಂತೆವು. ಏನೂ ಆಗಲಿಲ್ಲ. ಗೋಡೆಯ ವಿಷಯದಲ್ಲಿ ಏನೂ ಆಗದಿರುವುದಕ್ಕೆ ಎಷ್ಟು ದುಡ್ಡಾಗುತ್ತದೆ ಎಂಬ ಪಟ್ಟಿ ನನ್ನ ಮೇಜಿನ ಮೇಲಿದೆ.

ಚೌಕಟ್ಟಿನ ಬಾಗಿದ ಮೇಲ್ಪಟ್ಟಿ ಬದಲಿಸಿ ನೆಟ್ಟಗೆ ಮಾಡಿ, ಬಾಗಿಲನ್ನು ಮತ್ತೆ ನೇತುಹಾಕಿದೆವು. ಒಂದೇ ಬೆರಳಿಗೆ ಮುಚ್ಚಿತು. ಮುಚ್ಚಿದ ಮೇಲೂ ತಲೆಯ ಮೇಲೆ ಒಂದೂಕಾಲು ಇಂಚು ಕಂಡಿಯಲ್ಲಿ ಒಳಗಿನ ಲೈಟು ಬೆಳಗುತ್ತಿತ್ತು. ಮೂರು ಸಲದ ತೋಪಡ ಎಲ್ಲಿಗೆ ಹೋಗುತ್ತದೆ?

"ಪುಟ್ಟಿ ತುಂಬಿದರೆ..." ಅಂದ ಪುಟ್ಟಸ್ವಾಮಿ. ಯಾರೂ ಅವನ ಕಡೆ ನೋಡಲಿಲ್ಲ.

ಆ ಕಂಡಿಯಿಂದ ಸರೋಜಳಿಗೆ ನಮ್ಮ ಹರಟೆಯೆಲ್ಲ ಸ್ಪಷ್ಟವಾಗಿ ಕೇಳಿಸತೊಡಗಿತು. ಎರಡು ಭಾನುವಾರ ನಾವು ರಾಜಕೀಯ ಮಾತ್ರ ಮಾತಾಡಿದೆವು. ಮೂರನೆಯ ವಾರ ಅದೇ ಬಡಗಿಯನ್ನು ಕರೆಸಿದೆ. ತೇಗದ ಪಟ್ಟಿಯೊಂದನ್ನು ಬಾಗಿಲಿನ ತಲೆಗೆ ಅಂಟಿಸಿ ಮೊಳೆ ಹೊಡೆದು, ಮೂರೂ ತೋಪಡಕ್ಕೆ ಸೇರಿ ತಗೊಂಡದ್ದಕ್ಕಿಂತ ಹೆಚ್ಚು ಕೇಳಿದ. ಕೊಟ್ಟೆ. ಬಾಗಿಲು ಹಾಕಿ ನೋಡಿದ. ಒಂದು ಮೂಲೆಯಲ್ಲಿ ಎಳೆಯಷ್ಟು ತಾಗಿತು.

"ಇದೇನು ಸ್ವಾಮಿ, ಒಂದು ನಿಮಿಷ" ಅಂತ ಅವನು ಚೀಲಕ್ಕೆ ಕೈಹಾಕಿ ತೋಪಡ ಹೊರಗೆ ತೆಗೆದ. ಜಗುಲಿಯಿಂದ ಮೂವರು, ಅಡುಗೆಮನೆಯಿಂದ ಒಬ್ಬಳು, ನಡುವೆ ನಾನು, ಐದೂ ಜನ ಒಟ್ಟಿಗೆ ಕಿರುಚಿಕೊಂಡೆವು.