ಕನ್ನಡ ವಿಕಿಪೀಡಿಯದಲ್ಲಿ ನಮ್ಮ ನಾಣ್ಯಗಳು: ವರಾಹದಿಂದ ಶುರು ಮಾಡೋದಾ, ತಾಮ್ರದ ಕಾಸಿನಿಂದಲಾ?

ಹಳೇ ಕ್ಯಾಶಿಯರ್:

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವಳು. ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೂತು ಕೂತೇ ರಿಟೈರ್ ಆದವಳು. ಚಿಲ್ಲರೆ ಎಣಿಸುತ್ತಲೇ ನಾಣ್ಯದ ಹುಚ್ಚು ಹಿಡಿಯಿತು. ಇಸವಿಯ ಕೆಳಗೆ ಚುಕ್ಕಿ ಇದ್ದರೆ ನೋಯ್ಡಾ ಟಂಕಸಾಲೆಯದು, ನಕ್ಷತ್ರ ಇದ್ದರೆ ಹೈದರಾಬಾದ್, ವಜ್ರದ ಆಕಾರ ಇದ್ದರೆ ಮುಂಬೈ, ಏನೂ ಇಲ್ಲ ಅಂದರೆ ಕೋಲ್ಕತ್ತ. ಇದನ್ನು ಹೇಳಿ ಹೇಳಿ ಪಕ್ಕದ ಕೌಂಟರಿನವರ ತಲೆ ತಿಂದಿದ್ದೇನೆ.

ಈಗ ನಾವು ನಾಲ್ಕು ಜನ ಸೇರಿ ಕನ್ನಡ ವಿಕಿಪೀಡಿಯದಲ್ಲಿ ನಾಣ್ಯಗಳ ಪುಟಗಳನ್ನು ಬೆಳೆಸೋಣ ಅಂತ ಹೊರಟಿದ್ದೇವೆ. ಒಬ್ಬರು ಹೈಸ್ಕೂಲ್ ಮೇಷ್ಟ್ರು. ಒಬ್ಬರು ಪಾರ್ಸಿ ಅಕ್ಷರ ಓದಬಲ್ಲ ಸಾಹೇಬರು. ಇನ್ನೊಬ್ಬ ಫೋಟೋ ತೆಗೆಯುವ ಹುಡುಗ. ಬೈಯಲು ನಾನಿದ್ದೇನೆ.

ಮೇಷ್ಟ್ರಿಗೆ ವಿಜಯನಗರದಿಂದಲೇ ಶುರು ಆಗಬೇಕು. ಕೃಷ್ಣದೇವರಾಯನ ಬಾಲಕೃಷ್ಣ ವರಾಹ (ವರಾಹ ಅಂದರೆ ಚಿನ್ನದ ನಾಣ್ಯ), ಅಚ್ಯುತರಾಯನ ಗಂಡಭೇರುಂಡ, ಜನ ಹುಡುಕೋದೇ ಅದನ್ನ ಅಂತಾರೆ. ನನಗೆ ತಾಮ್ರದ ಮೇಲೆ ಮನಸ್ಸು. ಟಿಪ್ಪುವಿನ ಆನೆ ಪೈಸೆ, ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಮಯಿಲಿ ಕಾಸು. ಇವು ನಮ್ಮ ಡಬ್ಬಿಯಲ್ಲೇ ಇವೆ. ಚಿನ್ನದ ವರಾಹ ನಮ್ಮಲ್ಲಿ ಯಾರ ಹತ್ತಿರ ಇದೆ ಹೇಳಿ?

ಇನ್ನೊಂದು ತಲೆನೋವು ಫೋಟೋದ್ದು. ನಮ್ಮ ಹುಡುಗ ಒಂದು ಹರಾಜಿನ ವೆಬ್‌ಸೈಟಿನಿಂದ ಚಂದದ ಚಿತ್ರ ತಂದು ಹಾಕಿದ. ಅದಕ್ಕೆ ಅಳಿಸುವ ನೋಟಿಸು ಬಿತ್ತು. "ನಾಣ್ಯ ಇನ್ನೂರು ವರ್ಷ ಹಳೇದು ಆಂಟಿ, ಇದಕ್ಕೆ ಎಂಥ ಕಾಪಿರೈಟು?" ಅಂತ ಮುಖ ಊದಿಸಿಕೊಂಡು ಕೂತಿದ್ದಾನೆ. ಅನುಭವ ಇದ್ದವರು ಹೇಳಿ.

ಕಟ್ಟೆ ಕಾಯಂ:

ಮೇಡಂ, ಮೊದಲು ಹುಡುಗನ ವಿಷಯ. ನಾಣ್ಯಕ್ಕೆ ಕಾಪಿರೈಟ್ ಇಲ್ಲ, ನಿಜ. ಫೋಟೋಗೆ ಇದೆ. ಹಳೇ ಚಿತ್ರಪಟದಂಥ ಚಪ್ಪಟೆ ವಸ್ತುವಿನ ಯಥಾಪ್ರತಿ ಆದರೆ ವಿಕಿಪೀಡಿಯದ ಚಿತ್ರಭಂಡಾರವಾದ ಕಾಮನ್ಸ್‌ನಲ್ಲಿ ಒಪ್ಪುತ್ತಾರೆ. ನಾಣ್ಯ ಉಬ್ಬುತಗ್ಗು ಇರುವ ವಸ್ತು. ಬೆಳಕು ಯಾವ ಕಡೆಯಿಂದ ಬಿಡಬೇಕು ಅನ್ನೋದು ಫೋಟೋ ತೆಗೆದವರ ಕೈಚಳಕ, ಹಾಗಾಗಿ ಅವರ ಒಪ್ಪಿಗೆ ಬೇಕು. ಸಿಎನ್‌ಜಿ ಅನ್ನುವ ಹರಾಜು ಸಂಸ್ಥೆ ತನ್ನ ಚಿತ್ರಗಳಿಗೆ ಅಂಥ ಒಪ್ಪಿಗೆ ಕೊಟ್ಟಿದೆ. ಬೇರೆಯವರದ್ದೂ ಹಾಗೇ ಅಂದುಕೊಳ್ಳಬೇಡಿ. ಬ್ರಿಟಿಷ್ ಮ್ಯೂಸಿಯಂ ಚಿತ್ರಗಳು ಆನ್‌ಲೈನಿನಲ್ಲಿ ಧಾರಾಳವಾಗಿ ಸಿಗುತ್ತವೆ, ಆದರೆ ವ್ಯಾಪಾರಕ್ಕೆ ಬಳಸಬಾರದು ಅನ್ನುವ ಷರತ್ತಿದೆ. ಆ ಷರತ್ತು ಇದ್ದರೆ ಕಾಮನ್ಸ್ ತೆಗೆದುಕೊಳ್ಳಲ್ಲ.

ಸ್ವತಂತ್ರ ಭಾರತದ ನಾಣ್ಯಕ್ಕೆ ಬಂದರೆ ಲೆಕ್ಕ ಬೇರೆ. ಅಲ್ಲಿ ವಿನ್ಯಾಸವೇ ಸರ್ಕಾರದ ಕೃತಿ. ಪ್ರಕಟವಾಗಿ 60 ವರ್ಷ ಹಕ್ಕು ಇರುತ್ತದೆ. ಅದಕ್ಕೇ ಹೇಳ್ತೀನಿ, ನಿಮ್ಮ ಡಬ್ಬಿಯ ತಾಮ್ರವೇ ಸುಲಭದ ದಾರಿ. ನಾಣ್ಯ ನಿಮ್ಮದು, ಫೋಟೋ ನಿಮ್ಮದು, ಯಾರ ಕಿರಿಕಿರಿಯೂ ಇಲ್ಲ.

ಒಂದು ಎಚ್ಚರ. ಮೊಬೈಲ್ ಫೋಟೋ ಒಳಗೆ ತೆಗೆದ ಜಾಗದ ವಿವರ ಕೂತಿರುತ್ತದೆ. ಅಪ್‌ಲೋಡ್ ಮಾಡುವ ಮುಂಚೆ ತೆಗೆದುಬಿಡಿ. ನಿಮ್ಮ ಮನೆಯ ನಕ್ಷೆಯನ್ನು ಲೋಕಕ್ಕೆಲ್ಲ ಯಾಕೆ ಹಂಚಬೇಕು?

ತಾಮ್ರದ ಕಾಸು:

ನಾನು ಮೈಸೂರಿನವನು. ತಾಮ್ರಕ್ಕೆ ನನ್ನ ಓಟು ಅಂತ ಹೆಸರು ನೋಡಿದರೇ ಗೊತ್ತಾಗುತ್ತದೆ. ಆದರೆ ಮೇಷ್ಟ್ರ ವರಾಹವನ್ನೂ ಬಿಡಬೇಡಿ ಅಕ್ಕ. ಜಗಳ ಇರಬೇಕಾದ್ದು ತಾಮ್ರವೋ ಚಿನ್ನವೋ ಅಂತಲ್ಲ. ಪುಟ ರಾಜನ ಹೆಸರಲ್ಲಿ ಇರಬೇಕೋ, ನಾಣ್ಯದ ಹೆಸರಲ್ಲಿ ಇರಬೇಕೋ ಅಂತ.

ನಾವೆಲ್ಲ ಶಾಲೆಯಲ್ಲಿ ಓದಿದ ಹಾಗೆ ಅರಸುಮನೆತನಕ್ಕೊಂದು ಪುಟ ಮಾಡ್ತೀವಿ. ಅಲ್ಲಿ ನಾಣ್ಯದ ಕಥೆ ತುಂಡಾಗುತ್ತದೆ. ಶಿವ ಪಾರ್ವತಿ ಕೂತಿರುವ ವರಾಹವನ್ನೇ ನೋಡಿ. ವಿಜಯನಗರದ ಎರಡನೇ ಹರಿಹರ ಉಮಾಮಹೇಶ್ವರನನ್ನು ಹಾಕಿದ. ಇಕ್ಕೇರಿ ನಾಯಕರು ಅದನ್ನೇ ಹಿಡಿದರು, ಹಿಂದುಗಡೆ ನಾಗರಿಯಲ್ಲಿ ಶ್ರೀ ಸದಾಶಿವ. 1763ರಲ್ಲಿ ಹೈದರ್ ಅವರ ರಾಜಧಾನಿ ಬಿದನೂರನ್ನು ಗೆದ್ದ. ಅವನು ಶಿವ ಪಾರ್ವತಿಯನ್ನು ತೆಗೆಯಲಿಲ್ಲ. ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಪಾರ್ಸಿ ಅಕ್ಷರ ಒಂದನ್ನು ಒತ್ತಿಸಿ ಸುಮ್ಮನಾದ. ಅದೇ ಬಹದ್ದೂರಿ ವರಾಹ. ವರ್ತಕರು ನಂಬುವ ನಾಣ್ಯದ ಮುಖ ಬದಲಾಯಿಸಿದರೆ ಪೇಟೆಯಲ್ಲಿ ಯಾರು ಮುಟ್ಟುತ್ತಾರೆ? ಟಿಪ್ಪು ಚಿತ್ರ ಬಿಟ್ಟು ಬರೀ ಪಾರ್ಸಿ ಬರಹಕ್ಕೆ ಹೋದ. 1799ರ ನಂತರ ಮುಮ್ಮಡಿ ಕೃಷ್ಣರಾಜರ ವರಾಹದಲ್ಲಿ ಅದೇ ದಂಪತಿ ಮತ್ತೆ ಬಂದು ಕೂತರು. ಇದನ್ನು ನಾಲ್ಕೈದು ಮನೆತನದ ಪುಟಗಳಿಗೆ ಹಂಚಿಬಿಟ್ಟರೆ ಓದುವವನಿಗೆ ಏನು ಸಿಕ್ಕೀತು? ವರಾಹಕ್ಕೆ ಒಂದೇ ದೊಡ್ಡ ಪುಟ ಇರಲಿ. ಮನೆತನದ ಪುಟಗಳಿಂದ ಅಲ್ಲಿಗೆ ಕೊಂಡಿ ಕೊಡಿ.

ಟಿಪ್ಪುವಿನ ಆನೆ ಪೈಸೆ ಬರೆಯುವಾಗ ಇಸವಿಯ ಮೇಲೆ ಕಣ್ಣಿಡಿ. ಮೊದಲು ಹಿಜರಿ, ಅಂದರೆ ಇಸ್ಲಾಮಿ ಪಂಚಾಂಗದ ಇಸವಿ ಹಾಕಿಸುತ್ತಿದ್ದ. 1787ರಿಂದ ಮೌಲೂದಿ ಅಂತ ತನ್ನದೇ ಲೆಕ್ಕ ತಂದ. ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ನಾಣ್ಯದಲ್ಲಿ 5121 ಅಂತ ಕಂಡರೆ ಅದು 1215. ಅದನ್ನು ನೋಡಿ ಯಾರಾದರೂ ಕ್ರಿ.ಶ. 1215 ಅಂತ ಬರೆದರೆ ಟಿಪ್ಪು ಸೀದಾ ಹೊಯ್ಸಳ ವೀರಬಲ್ಲಾಳನ ಕಾಲಕ್ಕೆ ಹೋಗಿ ಬೀಳ್ತಾನೆ. ನಿಮ್ಮ ಸಾಹೇಬರು ಇದನ್ನು ನೋಡಿಕೊಳ್ಳಲಿ. ನಾಣ್ಯಗಳಿಗೆ ಅವನಿಟ್ಟ ಹೆಸರುಗಳನ್ನೂ ಅವರೇ ಬರೆದರೆ ಚೆನ್ನ. ಪೈಸೆ ಜೊಹ್ರಾ, ಅಂದರೆ ಶುಕ್ರ. ಅರ್ಧ ಪೈಸೆ ಬಹ್ರಾಮ್, ಮಂಗಳ. ಕಾಲು ಪೈಸೆ ಅಖ್ತರ್, ನಕ್ಷತ್ರ. ಅದಕ್ಕಿಂತ ಸಣ್ಣದು ಕುತ್ಬ್, ಧ್ರುವ. ಎರಡು ಪೈಸೆಯದು ಉಸ್ಮಾನಿ. ಜೇಬಿನಲ್ಲಿ ಆಕಾಶವನ್ನೇ ಇಟ್ಟುಕೊಂಡು ಓಡಾಡುತ್ತಿದ್ದರು ಜನ!

ತೂಕ ಹಾಕಲು ಅಕ್ಕಸಾಲಿಗರ ಸಣ್ಣ ತಕ್ಕಡಿ ಸಾಕು. ಆದರೆ ನಿಮ್ಮ ತೂಕವನ್ನು ಲೇಖನದ ಒಳಗೆ ಹಾಕಬೇಡಿ, ಅದು ವಿಕಿಪೀಡಿಯ ಒಪ್ಪದ ಸ್ವಂತ ಸಂಶೋಧನೆ ಆಗುತ್ತದೆ. ಫೋಟೋದ ವಿವರಣೆಯಲ್ಲಿ ಹಾಕಿ. ಲೇಖನಕ್ಕೆ ಅಚ್ಚಾದ ಪುಸ್ತಕದ ಅಂಕಿಯೇ ಬೇಕು. ಮತ್ತೆ ದಯವಿಟ್ಟು ಫೋಟೋ ಚೆಂದ ಬರಲಿ ಅಂತ ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ನೂರಾರು ವರ್ಷದ ಕಪ್ಪು ಒಂದೇ ನಿಮಿಷಕ್ಕೆ ಹೋಗುತ್ತದೆ, ನಾಣ್ಯದ ಬೆಲೆಯೂ ಅದರ ಜೊತೆಗೇ.

ನೋಟಿನ ಪಕ್ಷ:

ಬರೀ ಹಳೇ ಕಾಸಿನ ಮಾತೇ ಆಯ್ತಲ್ಲ! ಮೈಸೂರಿನಲ್ಲಿ 1996ರಿಂದ ನೋಟು ಅಚ್ಚಾಗುತ್ತಿದೆ. ನೋಟಿನ ಕಾಗದದ ಕಾರ್ಖಾನೆಯೂ ಅಲ್ಲೇ ಇದೆ. ಊರವರಿಗೆ ಎದುರಿಗೇ ಕಾಣುವ ಕಾಂಪೌಂಡು. ಅದರ ಬಗ್ಗೆಯೂ ಒಂದು ಒಳ್ಳೆಯ ಪುಟ ಆಗಲಿ. ಚಿತ್ರ ಇಲ್ಲದಿದ್ದರೂ ನಡೆಯುತ್ತೆ, ನೋಟಿನ ಫೋಟೋ ಹಾಕಲು ಹೋಗಬೇಡಿ.

ಹಳೇ ಕ್ಯಾಶಿಯರ್:

ತಮ್ಮಾ ತಾಮ್ರದ ಕಾಸು, ನಿನ್ನ ಮಾತು ಮೇಷ್ಟ್ರಿಗೆ ಓದಿ ಹೇಳಿದೆ. ಇಕ್ಕೇರಿ ಅಂದ ಕೂಡಲೇ ಮೆತ್ತಗಾದರು, ಅವರದ್ದು ಸಾಗರ. ವರಾಹದ ದೊಡ್ಡ ಪುಟ ಅವರ ತಲೆಗೇ ಕಟ್ಟಿದ್ದೇವೆ. ಪ್ರಯೋಗಪುಟದಲ್ಲಿ ಬರೆದು, ಚರ್ಚೆ ಪುಟದಲ್ಲಿ ನಮ್ಮ ಕೈಲಿ ಬೈಸಿಕೊಂಡು, ಆಮೇಲೆ ಹೊರಗೆ ಹಾಕೋದು ಅಂತ ಒಪ್ಪಂದ.

ಮೊದಲ ಫೋಟೋ ಯಾವುದು ಅಂತ ಮಾತಾಡುವಾಗ ಸಾಹೇಬರು ನನ್ನ ಡಬ್ಬಿಯಿಂದ ಒಂದು ಆನೆ ಪೈಸೆ ತೆಗೆದು ಹಿಂಬದಿ ಓದಿದರು. ಜರ್ಬ್ ನಗರ್, ನಗರದಲ್ಲಿ ಟಂಕಿಸಿದ್ದು. ಅಂದರೆ ನಮ್ಮದೇ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಗರ, ಹಳೇ ಬಿದನೂರು! ನಾವು ಪ್ರವಾಸ ಹೋಗಿ ಕೋಟೆ ನೋಡಿ ಮಂಡಕ್ಕಿ ತಿಂದು ಬರುತ್ತಿದ್ದ ಊರು. ಅಲ್ಲಿ ಟಂಕಸಾಲೆ ಇತ್ತು ಅಂತ ಎಷ್ಟು ಜನರಿಗೆ ಗೊತ್ತು? ಹಾಗಾಗಿ ತಾಮ್ರದ ಕಡೆಯಿಂದ ನಮ್ಮ ಮೊದಲ ಪುಟ ನಗರದ ಟಂಕಸಾಲೆ.

ಹುಡುಗ ಕಿಟಕಿಯ ಹತ್ತಿರ ಬಿಳಿ ಹಾಳೆ ಹಾಸಿ ಎರಡೂ ಬದಿ ತೆಗೆದ. ಜಾಗದ ವಿವರ ಅಳಿಸಿದ್ದಾನೆ, ಪಕ್ಕದಲ್ಲೇ ನಿಂತು ನೋಡಿದ್ದೇನೆ. ನಮ್ಮದರಲ್ಲಿ ಇಸವಿ ಸವೆದುಹೋಗಿದೆ. ನಗರದ ಪೈಸೆ, ಇಸವಿ ಸ್ಪಷ್ಟವಾಗಿ ಕಾಣುವಂಥದ್ದು ಯಾರ ಹತ್ತಿರವಾದರೂ ಇದ್ದರೆ ನೀವೇ ಫೋಟೋ ತೆಗೆದು ಕಾಮನ್ಸ್‌ಗೆ ಹಾಕಿ, ಇಲ್ಲಿ ಒಂದು ಮಾತು ತಿಳಿಸಿ. ನೋಟಿನ ಪಕ್ಷದವರೇ, ಆ ಪುಟ ನೀವೇ ಶುರು ಮಾಡಿ. ಕಾಗುಣಿತ ತಿದ್ದಲು ನಾನು ಬರ್ತೀನಿ.