ಗೇಮ್ ಥಿಯರಿಯಿಂದ ಗಲಭೆಗಳ ಅಧ್ಯಯನ: ಈ ಹಾದಿಯಲ್ಲಿ ನಡೆದವರು ಅನುಭವ ತಿಳಿಸಿ

ಪ್ರಶ್ನೆ: ಬೆಂಗಳೂರಿನಲ್ಲಿ ರಾಜ್ಯಶಾಸ್ತ್ರದ ಎಂ.ಎ. ಮುಗಿಸಿ, ರಾಜಕೀಯ ಹಿಂಸೆಯ ಕುರಿತು ಪಿಎಚ್.ಡಿ. ಮಾಡಲಿದ್ದೇನೆ. ಹತ್ತನೆಯ ತರಗತಿಗೇ ಗಣಿತ ಬಿಟ್ಟ ನಾನು ಗೇಮ್ ಥಿಯರಿಯನ್ನು, ಅಂದರೆ ಒಬ್ಬರ ಲಾಭ-ನಷ್ಟ ಇತರರ ನಡೆಯನ್ನೂ ಅವಲಂಬಿಸಿದಾಗ ಜನ ಏನು ಮಾಡುತ್ತಾರೆಂದು ಲೆಕ್ಕ ಹಾಕುವ ಗಣಿತವನ್ನು, ಆರಿಸಿಕೊಳ್ಳಬಹುದೇ?

ವಿಜಯನಗರದಿಂದ: ನಾನು ಆರಿಸಿಕೊಂಡೆ, ಪಶ್ಚಾತ್ತಾಪವಿಲ್ಲ. ಗಣಿತದ ಮನೆಪಾಠಕ್ಕೆ ತಿಂಗಳಿಗೆ 4,000 ರೂಪಾಯಿಯಂತೆ 14 ತಿಂಗಳು ಕೊಟ್ಟೆ, ಅಂದರೆ 56,000. ಅದಕ್ಕಾಗಿ ಅಮ್ಮನ ಎರಡು ಬಳೆಗಳನ್ನು ಗಿರವಿ ಇಟ್ಟು, ಒಂದನ್ನು ಮಾತ್ರ ಬಿಡಿಸಿಕೊಂಡೆ. ಮೂರನೆಯ ವರ್ಷ ಮಾರ್ಗದರ್ಶಕರು ನಿವೃತ್ತರಾದರು, ಹೊಸಬರು ಪ್ರಬಂಧದ ಸಾರಲೇಖವನ್ನು (ಸಿನಾಪ್ಸಿಸ್) ಎರಡು ಸಲ ಹಿಂದಿರುಗಿಸಿದರು. ನನ್ನನ್ನು ಹಿಡಿದು ನಿಲ್ಲಿಸಿದ್ದು ರಾಜ್ಯಶಾಸ್ತ್ರಜ್ಞ ಜೇಮ್ಸ್ ಫಿಯರನ್ 1995ರ ಲೇಖನದಲ್ಲಿ ಎತ್ತಿದ ಪ್ರಶ್ನೆ: ಯುದ್ಧದಿಂದ ಇಬ್ಬರಿಗೂ ನಷ್ಟವೆಂದಾದರೆ ಮೊದಲೇ ಏಕೆ ರಾಜಿಯಾಗುವುದಿಲ್ಲ? ಇಂದು ಕೊಟ್ಟ ಮಾತನ್ನು ನಾಳೆ ಬಲ ಹೆಚ್ಚಿದವನು ಉಳಿಸಿಕೊಳ್ಳುತ್ತಾನೆಂಬ ಭರವಸೆ ಇಲ್ಲದಿರುವುದು ಒಂದು ಕಾರಣ. ಕೊಲಂಬಿಯಾದಲ್ಲಿ 1985ರಲ್ಲಿ ಫಾರ್ಕ್ ಬಂಡುಕೋರರು ಹುಟ್ಟುಹಾಕಿದ ಪಕ್ಷದ ಸಾವಿರಾರು ಕಾರ್ಯಕರ್ತರು ಕೊಲೆಯಾದರು. ಅದನ್ನು ಕಂಡವರು ಬಂದೂಕು ಕೆಳಗಿಡಲು ಏಕೆ ಹೆದರಿದರೆಂಬುದು ಆ ಲೇಖನ ಓದಿದ ಮೇಲೆ ನನಗೆ ಅರ್ಥವಾಯಿತು.

ಹನುಮಂತನಗರದಿಂದ: ನಾನು ಒಂದು ವರ್ಷ ಪ್ರಯತ್ನಿಸಿ ಕೈಬಿಟ್ಟೆ, ಸರಿಯಾಗಿಯೇ ಮಾಡಿದೆ. 2016ರ ಸೆಪ್ಟೆಂಬರ್ 12ರಂದು ಕಾವೇರಿ ಗಲಭೆಯಲ್ಲಿ ನಗರದ ಬಸ್ಸುಗಳು ಉರಿಯುತ್ತಿದ್ದಾಗ ನಮ್ಮ ಅಂಗಡಿಯ ಷಟರ್ ಅರ್ಧ ಇಳಿಸಿ ಒಳಗೆ ಕುಳಿತಿದ್ದೆ. ದಿನವೂ ನಮ್ಮಲ್ಲಿ ಪೆನ್ನು ಕೊಳ್ಳುತ್ತಿದ್ದ ಹುಡುಗನೊಬ್ಬ ನನ್ನನ್ನು ಕಂಡು ಕೈಯಲ್ಲಿದ್ದ ಕಲ್ಲನ್ನು ಕೆಳಗಿಟ್ಟ. ಹಿಂದಿನಿಂದ ಇನ್ನಿಬ್ಬರು ಬಂದೊಡನೆ ಮತ್ತೆ ಎತ್ತಿಕೊಂಡ. ಇಬ್ಬರ ಆಯ್ಕೆಗಳ ಲಾಭ-ನಷ್ಟ ತುಂಬುವ ಗೇಮ್ ಥಿಯರಿಯ ನಾಲ್ಕು ಮನೆಗಳ ಕೋಷ್ಟಕದಲ್ಲಿ ಆ ಮುಖವನ್ನು ಎಲ್ಲಿ ಬರೆಯುತ್ತೀರಿ? ಕೋಷ್ಟಕ ಬಿಟ್ಟು ನಾನು 62 ಜನರನ್ನು ಮಾತನಾಡಿಸಿದೆ, ಬಸ್ಸು ಮತ್ತು ಆಟೋಗೇ 9,000 ರೂಪಾಯಿ ಖರ್ಚಾಯಿತು.

ವಿಜಯನಗರದಿಂದ: ಸರ್, ಅರ್ಧಕ್ಕೆ ಬಿಟ್ಟವರು ತೀರ್ಪು ಕೊಡಬಾರದು. ಆ ಹುಡುಗನ ಕಥೆಯನ್ನೇ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1978ರಲ್ಲಿ ಲೆಕ್ಕ ಹಾಕಿದ್ದಾರೆ. ನೂರು ಜನರಲ್ಲಿ ಒಬ್ಬ ಯಾರಿಗೂ ಕಾಯದೆ ಕಲ್ಲೆಸೆಯುವವನು, ಇನ್ನೊಬ್ಬ ಒಬ್ಬನನ್ನು ಕಂಡು, ಮತ್ತೊಬ್ಬ ಇಬ್ಬರನ್ನು ಕಂಡು, ಹೀಗೆ ತೊಂಬತ್ತೊಂಬತ್ತರವರೆಗೆ ಇದ್ದರೆ ನೂರೂ ಮಂದಿ ದೊಂಬಿಗಿಳಿಯುತ್ತಾರೆ. ಒಬ್ಬನಿದ್ದರೆ ಸಾಕೆನ್ನುವವನ ಬದಲು ಇಬ್ಬರು ಬೇಕೆನ್ನುವವನನ್ನು ನಿಲ್ಲಿಸಿ ನೋಡಿ, ಕಲ್ಲೆಸೆಯುವವನು ಮೊದಲಿಗ ಒಬ್ಬನೇ ಉಳಿಯುತ್ತಾನೆ.

ಮಲ್ಲೇಶ್ವರದಿಂದ: ಇಬ್ಬರೂ ಬೀದಿಯಲ್ಲೇ ನಿಂತಿದ್ದೀರಿ. ತಡೆಯಬಲ್ಲ ಪೊಲೀಸರನ್ನು ಕಳುಹಿಸುವವರು ಯಾರು? ಅಲ್ಪಸಂಖ್ಯಾತರ ಮತ ಬೇಕಾದ ರಾಜ್ಯ ಸರ್ಕಾರವು ಕೋಮುಗಲಭೆಯನ್ನು ತಡೆಯುತ್ತದೆಂದು ರಾಜ್ಯಶಾಸ್ತ್ರಜ್ಞ ಸ್ಟೀವನ್ ವಿಲ್ಕಿನ್ಸನ್ 2004ರಲ್ಲಿ ವಾದಿಸಿದರು. ಅದನ್ನು ನಮ್ಮ ಜಿಲ್ಲೆಗಳಲ್ಲಿ ಪರೀಕ್ಷಿಸಲು ಹಳೆಯ ಪತ್ರಿಕೆಗಳ ಸಂಪುಟಗಳೆದುರು 11 ತಿಂಗಳು ಕುಳಿತೆ. ಧೂಳಿನಿಂದ ಉಬ್ಬಸ ಬಂದು ಔಷಧಿಗೆ ಸುರಿದ ಹಣ ನನ್ನ ಶಿಷ್ಯವೇತನವನ್ನೇ ನುಂಗಿತು.

ಹನುಮಂತನಗರದಿಂದ: ಮೇಡಂ, ಮತದ ಲೆಕ್ಕವನ್ನು ಒಪ್ಪುತ್ತೇನೆ. ಆದರೆ ಗೇಮ್ ಥಿಯರಿಯನ್ನು ‘ಆಟದ ಸಿದ್ಧಾಂತ’ ಎಂದು ಅನುವಾದಿಸುವವರನ್ನು ಕ್ಷಮಿಸಲಾರೆ. ಮಗನನ್ನು ಕಳೆದುಕೊಂಡವರ ಜಗಲಿಯಲ್ಲಿ ಕುಳಿತು, ನನ್ನ ವಿಷಯವೇನೆಂದು ಆ ತಾಯಿ ಕೇಳಿದಾಗ, ‘ಆಟ’ ಎನ್ನಲು ನನ್ನ ನಾಲಿಗೆ ಏಳಲಿಲ್ಲ.

ವಿಜಯನಗರದಿಂದ: ಪದಕ್ಕಾಗಿ ಸಿದ್ಧಾಂತವನ್ನೇ ಬಿಡುತ್ತಾರೆಯೇ? ನಾನು ‘ತಂತ್ರಗಳ ಸಿದ್ಧಾಂತ’ ಎಂದು ಬರೆದೆ. ಸಾರಲೇಖ ಎರಡನೆಯ ಸಲ ಹಿಂದಿರುಗಿದ್ದು ಆ ಪದದ ಕಾರಣಕ್ಕೇ; ಮೂರನೆಯ ಸಲವೂ ಅದನ್ನೇ ಬರೆದು ಕಳುಹಿಸಿದೆ.